ಬಟು ಕೇವ್ಸ್, ಗೆಂಟಿಂಗ್ ಒಂದೇ ದಿನದಲ್ಲಿ ನೋಡುವವರಿಗೆ

ಕೌಲಾಲಂಪುರಕ್ಕೆ ಹೋಗುವವರು ಮುರುಗನ್ ಗುಹಾ ದೇವಾಲಯವಿರುವ ಬಟು ಕೇವ್ಸ್, ಬೆಟ್ಟದ ಮೇಲಿನ ಗಿರಿಧಾಮ ಗೆಂಟಿಂಗ್ ಎರಡನ್ನೂ ಒಂದೇ ದಿನ ಆರಾಮಾಗಿ ನೋಡಬಹುದು. ಮನೆಯಲ್ಲಿ ಹಿರಿಯರು, ಮಕ್ಕಳು ಇದ್ದರೆ ಇಡೀ ದಿನಕ್ಕೆ ಒಂದು ಬಾಡಿಗೆ ಕಾರು ಮಾಡಿಕೊಳ್ಳುವುದೇ ಒಳ್ಳೆಯದು. ಎಷ್ಟು ಗಂಟೆ, ಟೋಲ್, ಪಾರ್ಕಿಂಗ್ ಸೇರಿದೆಯಾ ಅಂತ ಮೊದಲೇ ಮೆಸೇಜಿನಲ್ಲಿ ಬರೆಸಿಕೊಳ್ಳಿ. ನಾವು ಬಾಯಿಮಾತಿಗೆ ಒಪ್ಪಿ, ಕೊನೆಗೆ ಜಾಸ್ತಿ ರಿಂಗಿಟ್ ಕೊಡಬೇಕಾಯಿತು.

ಬೆಳಿಗ್ಗೆ ಎಂಟರೊಳಗೆ ಬಟು ಕೇವ್ಸ್ ತಲುಪಿ. ಬಣ್ಣ ಬಳಿದ 272 ಮೆಟ್ಟಿಲು ಕಡಿದಾಗಿವೆ, ಬಿಸಿಲೇರಿದ ಮೇಲೆ ಹತ್ತುವುದು ತುಂಬಾ ಕಷ್ಟ. ಮಂಡಿ ಮುಚ್ಚುವ ಬಟ್ಟೆ ಬೇಕು. ಕೈಯಲ್ಲಿ ತಿಂಡಿ, ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ನನ್ನ ತಂಗಿ ಬಾಳೆಹಣ್ಣಿನ ಕವರ್ ಹಿಡಿದಿದ್ದಳು, ಅರ್ಧ ದಾರಿಯಲ್ಲೇ ಕೋತಿ ಹಿಂದಿನಿಂದ ಬಂದು ಹರಿದುಕೊಂಡು ಹೋಯಿತು. ಮಗು ಬೆಚ್ಚಿಬಿದ್ದು ಅತ್ತಿತು. ಹತ್ತಲಾಗದ ಅಜ್ಜಿ ತಾತಂದಿರಿಗೆ ಕೆಳಗೂ ಗುಡಿಗಳಿವೆ, 42.7 ಮೀಟರಿನ ಮುರುಗನ್ ಮೂರ್ತಿಯ ಕಾಲ ಬಳಿ ನಿಂತು ಕೈಮುಗಿದರೂ ಮನಸ್ಸು ತುಂಬುತ್ತದೆ. ಮುರುಗನ್ ಹಬ್ಬವಾದ ತೈಪೂಸಂ ಸಮಯದಲ್ಲಿ ಮಾತ್ರ ಈ ಪ್ಲಾನ್ ಬಿಡಿ, ಲಕ್ಷಾಂತರ ಜನ ಸೇರುತ್ತಾರೆ.

ಗೆಂಟಿಂಗ್‌ಗೆ ಕಾರು ಮೇಲಿನವರೆಗೂ ಹೋಗುತ್ತದೆ. ಆದರೂ ಕೆಳಗಿನ ಅವಾನಾ ಸ್ಟೇಷನ್‌ನಲ್ಲಿ ಇಳಿದು ಕೇಬಲ್ ಕಾರ್ ಹತ್ತಿ. ನಡುವೆ ಚಿನ್ ಸ್ವೀ ಗುಹಾ ದೇವಾಲಯದ ಸ್ಟೇಷನ್ ಬರುತ್ತದೆ, ಅಲ್ಲಿ ಇಳಿಯದೆ ಬರಬೇಡಿ. ಮಂಜು ಸರಿದಾಗ ಒಂಬತ್ತು ಅಂತಸ್ತಿನ ಪಗೋಡ ಕಾಣುವ ಆ ಕ್ಷಣ ಇದೆಯಲ್ಲ, ನನಗೆ ಇಡೀ ದಿನದಲ್ಲಿ ಅದೇ ಇಷ್ಟವಾಯಿತು. ಮೇಲೆ ಸುಮಾರು 1,800 ಮೀಟರ್ ಎತ್ತರ. ಸ್ವೆಟರನ್ನು ಕಾರಿನಲ್ಲೇ ಬಿಟ್ಟು ಹೋಗಬೇಡಿ.