ಶೆಷ್ಟಿನ್ ಯಾಕೆ ಏಳಲಿಲ್ಲ: ಸ್ಕ್ಯಾಂಡಿನೇವಿಯಾದ ಹೆಸರು ಹೇಳುವ ಬಗೆ

ಸ್ವೀಡನ್ನಿನ ಯೋತೆಬೊರ್ಯ್ ಊರಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಮೂರು ವರ್ಷ ರಿಸೆಪ್ಷನ್ನಿನಲ್ಲಿದ್ದೆ. ಇಂಗ್ಲಿಷಿನಲ್ಲಿ ಗಾಥನ್‌ಬರ್ಗ್ ಅನ್ನುತ್ತಾರಲ್ಲ, ಅದೇ ಊರು. ಅಲ್ಲಿ ಡಾಕ್ಟರನ್ನೂ ಹೆಸರು ಹಿಡಿದೇ ಕರೆಯುತ್ತಾರೆ, ಪೇಷಂಟನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮೊದಲ ವಾರ ಪರದೆ ನೋಡಿ 'ಕರ್ಸ್ಟಿನ್' ಎಂದು ಕೂಗಿದೆ. ಯಾರೂ ಏಳಲಿಲ್ಲ. ಇನ್ನೂ ಜೋರಾಗಿ ಕೂಗಿದೆ. ಅಲ್ಲಿ ಕೂತಿದ್ದದ್ದೇ ಒಬ್ಬರು ಅಜ್ಜಿ. ಅವರು ಆಚೆ ಈಚೆ ನೋಡಿ, 'ನನ್ನನ್ನೇ ಇರಬೇಕು' ಅನ್ನುವ ಮುಖ ಮಾಡಿ ಎದ್ದರು. ಹತ್ತಿರ ಬಂದು ಮೆಲ್ಲಗೆ ತಿದ್ದಿದರು: 'ಶೆಷ್ಟಿನ್'.

ನನಗೆ ನಗು ಬಂತು. ಕಷ್ಟ, ಇಷ್ಟ ಅನ್ನುವಾಗ ಬರುವ ಅದೇ ಷ್ಟ! ಹುಟ್ಟಿದಾಗಿನಿಂದ ನನ್ನ ಬಾಯಲ್ಲಿದ್ದ ಸದ್ದು ಅದು. ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ನಾನೇ ಅದನ್ನು ಕೆಡಿಸಿದ್ದೆ.

ಹಾಗಾಗಿ ಮೊದಲು ಮಾಡಬೇಕಾದದ್ದು ಇಷ್ಟು. ಹೆಸರನ್ನು ಇಂಗ್ಲಿಷಿನ ಹಾಗೆ ಓದಬೇಡಿ. ಕೇಳಿಸಿಕೊಂಡು ಕನ್ನಡದಲ್ಲಿ ಬರೆದುಕೊಳ್ಳಿ. ನಾನು ಮೇಜಿನ ಡ್ರಾಯರಿನಲ್ಲಿ ಒಂದು ಪುಟ್ಟ ಪುಸ್ತಕ ಇಟ್ಟುಕೊಂಡು ಅದನ್ನೇ ಮಾಡಿದೆ.

ಸ್ವೀಡಿಷ್‌ನಲ್ಲಿ ಬರೀ 'ಟಿ' ಇದ್ದರೆ ಅದು ನಮ್ಮ ತ. 'ಡಿ' ಅಂದರೆ ದ. ನಾಲಿಗೆ ಹಲ್ಲಿಗೆ ತಾಗಬೇಕು. ಗ್ರೇಟಾ ಥನ್‌ಬರ್ಗ್ ಎಂದು ನಾವು ಬರೆಯುವ ಹುಡುಗಿ ಅವಳ ಊರಲ್ಲಿ ಗ್ರೇತಾ ತೂನ್‌ಬೆರ್ಯ್. ಆದರೆ ಆ ಅಕ್ಷರಗಳ ಹಿಂದೆ 'ಆರ್' ಬಂತೋ, ಎರಡೂ ಸೇರಿ ನಾಲಿಗೆ ಮಡಚಿಕೊಳ್ಳುತ್ತದೆ. ಆರ್-ಟಿ ಅಂದರೆ ಟ, ಆರ್-ಡಿ ಅಂದರೆ ಡ, ಆರ್-ಎನ್ ಅಂದರೆ ಣ, ಆರ್-ಎಲ್ ಅಂದರೆ ಳ, ಆರ್-ಎಸ್ ಅಂದರೆ ಷ. ನಮ್ಮ ವರ್ಣಮಾಲೆಯನ್ನೇ ಯಾರೋ ಅಲ್ಲಿ ಬಚ್ಚಿಟ್ಟ ಹಾಗೆ! ಲಾರ್ಸ್ ಅಲ್ಲ, ಲಾಷ್. ಕಾರ್ಲ್ ಅಲ್ಲ, ಕಾಳ್. ಬ್ಯೋರ್ನ್ ಅಲ್ಲ, ಬ್ಯೋಣ್. ಆರ್ನೆ ಎಂಬ ಹೆಸರು ಕೇಳಲು ನೇರ ನಮ್ಮ 'ಆಣೆ'. ನಟ ಸ್ತೆಲ್ಲಾನ್ ಅವರ ಮನೆತನದ ಹೆಸರನ್ನು ಸ್ಕಾರ್ಸ್‌ಗಾರ್ಡ್ ಅನ್ನುತ್ತೇವೆ ಅಲ್ವಾ? ಅದು ಸ್ಕಾಷ್‌ಗೋಡ್. ಇಂಗ್ಲಿಷಿನವರು ಇದಕ್ಕೆ ತಿಣುಕುತ್ತಾರೆ, ಅವರಲ್ಲಿ ಈ ಸದ್ದುಗಳೇ ಇಲ್ಲ. ನಮಗೆ ಇದು ಪುಕ್ಕಟೆ. ಒಂದು ಮಾತು: ದಕ್ಷಿಣದ ಸ್ಕೋನೆ ಕಡೆಯವರು ಹೀಗೆ ಮಡಚುವುದಿಲ್ಲ, 'ರ'ವನ್ನು ಗಂಟಲಲ್ಲಿ ಹೇಳುತ್ತಾರೆ. ಅಲ್ಲಿ ನಮ್ಮ ಜಂಬ ನಡೆಯಲ್ಲ.

ಶಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಮರೆತ ಙ ನೆನಪಿದೆಯಾ? ಅದಕ್ಕೂ ಇಲ್ಲಿ ಕೆಲಸ ಇದೆ. 'ಜಿ-ಎನ್' ಒಟ್ಟಿಗೆ ಬಂದರೆ ಙ್ನ. ಅಬ್ಬಾ ತಂಡದ ಹಾಡುಗಾರ್ತಿ ಅಗ್ನೆಥಾ ಅಲ್ಲ, ಅಙ್ನೇತಾ. 2013ರಲ್ಲಿ ಚೆನ್ನೈನಲ್ಲಿ ವಿಶ್ವನಾಥನ್ ಆನಂದ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ನಾರ್ವೆಯ ಚೆಸ್ ಆಟಗಾರ ಮಙ್ನುಸ್ ಕಾಳ್ಸೆನ್. ಒಂದೇ ಹೆಸರಲ್ಲಿ ಙ, ಳ ಎರಡೂ. ನಮ್ಮ ಪತ್ರಿಕೆಗಳು ಮಾತ್ರ ಇವತ್ತಿಗೂ ಮ್ಯಾಗ್ನಸ್ ಕಾರ್ಲ್‌ಸನ್ ಎಂದೇ ಬರೆಯುತ್ತವೆ.

ಒತ್ತಕ್ಷರವನ್ನೂ ನುಂಗಬೇಡಿ. ಎರಡು 'ಎನ್' ಇದ್ದರೆ ಎರಡನ್ನೂ ಹೇಳಿ. ಅನ್ನಾ, ಉಲ್ಲಾ, ಎಮ್ಮಾ. ಮೂರನೆಯದನ್ನು ಕೂಗುವಾಗ ಮೊದಮೊದಲು ನನಗೆ ಸಂಕೋಚ ಆಗುತ್ತಿತ್ತು. ಹಾಲು ಕೊಡುವ ಎಮ್ಮೆಗೂ ಅದಕ್ಕೂ ಒಂದು ಕೂದಲೆಳೆ ದೂರ. ನಾನು ನಕ್ಕದ್ದು ಯಾಕೆ ಎಂದು ಅವರಿಗೆ ವಿವರಿಸಲು ಹೋಗಲಿಲ್ಲ.

ಇನ್ನು ಜೆ, ಜಿ, ಕೆ. 'ಜೆ' ಸಾಮಾನ್ಯವಾಗಿ ಯ. ಯೋಹಾನ್, ಯಾನ್. ಅದರ ಹಿಂದೆ ಎಚ್, ಎಲ್, ಡಿ, ಜಿ ಇದ್ದರೆ ಅವು ಸುಮ್ನೆ ಕೂತಿರುತ್ತವೆ, ಹಾಗಾಗಿ ಎಚ್-ಜೆಯಿಂದ ಶುರುವಾಗುವ ಹ್ಯಾಲ್ಮರ್ ನಿಜಕ್ಕೂ ಯಾಲ್ಮಾರ್. ಸ್ವೀಡಿಷ್‌ನಲ್ಲಿ 'ಐ', 'ಇ', ಚುಕ್ಕೆಯ 'ಓ' ಥರದ ಮೆದು ಸ್ವರದ ಅಕ್ಷರ ಮುಂದೆ ಬಂದರೆ 'ಜಿ' ಕೂಡ ಯ ಆಗುತ್ತದೆ, 'ಕೆ' ಶ ಆಗುತ್ತದೆ. ಶೆಷ್ಟಿನ್ ಅಜ್ಜಿಯ ಗುಟ್ಟು ಇದೇ. ಹೆಸರಿನ ಕೊನೆಯ ಬರ್ಗ್, ಬೋರ್ಗ್‌ಗಳಲ್ಲಿ ಗ ಇರುವುದಿಲ್ಲ, ಒಂದು ಯ್ ತೇಲಿ ಹೋಗುತ್ತದೆ. 1976ರಿಂದ 1980ರವರೆಗೆ ಸತತ ಐದು ವಿಂಬಲ್ಡನ್ ಗೆದ್ದವರು ಬ್ಯೋಣ್ ಬೊರ್ಯ್.

ಕಷ್ಟದ್ದು ಎಂದರೆ ಸ್ವರಗಳು. 'ಎ' ತಲೆಯ ಮೇಲೆ ಪುಟ್ಟ ಸೊನ್ನೆ ಇದ್ದರೆ ಅದು ಓ. ಇದು ಸುಲಭ. 'ಓ' ಮೇಲೆ ಎರಡು ಚುಕ್ಕೆ ಇದ್ದರೆ, ಇಲ್ಲವೇ ಡೆನ್ಮಾರ್ಕ್, ನಾರ್ವೆಗಳಲ್ಲಿ ಅಡ್ಡಗೀಟು ಇದ್ದರೆ, ಅದಕ್ಕೆ ನಮ್ಮಲ್ಲಿ ಅಕ್ಷರ ಇಲ್ಲ. ಕನ್ನಡಿ ಮುಂದೆ ನಿಂತು 'ಏ' ಅನ್ನಿ. ನಾಲಿಗೆ ಅಲ್ಲಾಡಿಸಬೇಡಿ. ಹಾಗೇ ತುಟಿ ಮಾತ್ರ 'ಓ' ಹೇಳುವ ಹಾಗೆ ದುಂಡಗೆ ಮಾಡಿ. ಬಂತಲ್ಲ, ಅದೇ! 'ವೈ' ಅಕ್ಷರಕ್ಕೂ ಇದೇ ಉಪಾಯ: 'ಈ' ಅನ್ನುತ್ತಾ ತುಟಿಯನ್ನು 'ಊ' ಮಾಡಿ. ನಾನು ಬಸ್ಸಿಗೆ ಕಾಯುವಾಗ ಅಭ್ಯಾಸ ಮಾಡುತ್ತಿದ್ದೆ, ಜನ ಸ್ವಲ್ಪ ದೂರ ನಿಲ್ಲುತ್ತಿದ್ದರು.

ಎಸ್-ಜೆ, ಎಸ್-ಕೆ-ಜೆ ಬಂದರೆ ಸ್ವೀಡನ್ನಿನವರು ಶ, ಹ ಎರಡನ್ನೂ ಕಲಸಿ ಗಾಳಿ ಊದುತ್ತಾರೆ. ತಲೆ ಕೆಡಿಸಿಕೊಳ್ಳಬೇಡಿ, ಷ ಹೇಳಿ. ಉತ್ತರ ಸ್ವೀಡನ್ನಿನ ಜನ ಹೆಚ್ಚುಕಡಿಮೆ ಹಾಗೇ ಹೇಳುತ್ತಾರೆ. 1953ರಿಂದ 1961ರವರೆಗೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಗಿದ್ದ ದಾಗ್ ಹಮ್ಮರ್‌ಷೋಲ್ದ್ ಅವರ ಹೆಸರು ಇಷ್ಟರಲ್ಲೇ ದಾಟಿಬಿಡುತ್ತದೆ. ಸ್ವೀಡನ್ನಿನವರ ಮಾತಿನ ಏರಿಳಿತದ ಧಾಟಿಯನ್ನಂತೂ ನಕಲು ಮಾಡಲೇಬೇಡಿ. ಅಣಕಿಸಿದ ಹಾಗೆ ಕೇಳುತ್ತದೆ.

ಒತ್ತು ಸಾಮಾನ್ಯವಾಗಿ ಹೆಸರಿನ ಮೊದಲಲ್ಲಿ. ನೊಬೆಲ್ ಮಾತ್ರ ಬೇರೆ: ಮೊದಲ ಅಕ್ಷರ ಗಿಡ್ಡ, ಒತ್ತು 'ಬೆಲ್' ಮೇಲೆ. ನೋಬಲ್ ಅಂದರೆ ತಪ್ಪು.

ನಾರ್ವೆಗೆ ದಾಟಿದರೆ ಕೊನೆಯ 'ಡಿ' ಎಷ್ಟೋ ಸಲ ಮಾಯ. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವ ಮುಟ್ಟಿದವರು ರೂಆಲ್ ಆಮುನ್ಸೆನ್. ಬರೀ 'ಓ' ಅಲ್ಲಿ ಊ ಆದದ್ದನ್ನು ಗಮನಿಸಿ. ಫುಟ್‌ಬಾಲಿನ ಹಾಲಂಡ್ ಹೋಲಾನ್. ಅವರ ಹೆಸರಿನಲ್ಲಿ ಎರಡು 'ಎ' ಇದೆ, ಅದು ಸೊನ್ನೆಯ ಎ ಬರುವುದಕ್ಕೆ ಮುಂಚಿನ ಬರಹ. ನಾರ್ವೆ 1917ರಲ್ಲಿ, ಡೆನ್ಮಾರ್ಕ್ 1948ರಲ್ಲಿ ಅದನ್ನು ಬದಲಿಸಿದವು. ಆದರೆ ಮನೆತನದ ಹೆಸರುಗಳು ಎಷ್ಟೋ ಹಳೆಯ ಹಾಗೇ ಉಳಿದವು.

ಡೆನ್ಮಾರ್ಕ್ ಎಂದರೆ ನನಗೆ ಇವತ್ತಿಗೂ ಭಯ. ಅಲ್ಲಿ ಅರ್ಧ ಅಕ್ಷರ ಬರೆಯಲು, ಅರ್ಧ ನುಂಗಲು. ತತ್ವಜ್ಞಾನಿ ಕೀರ್ಕೆಗಾರ್ಡ್ ಅಲ್ಲಿ ಕಿಅಕೆಗೋ. ವಿಜ್ಞಾನಿ ನೀಲ್ಸ್ ಬೋರ್ ಅಲ್ಲಿ ನೆಲ್ಸ್ ಬೋಅ. ನಟ ಮ್ಯಾಡ್ಸ್ ಬರೀ ಮ್ಯಾಸ್. ಮಕ್ಕಳ ಕಥೆಗಳ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಎಂದರೆ ಡೇನರಿಗೆ ಒಂದು ಕ್ಷಣ ಹೊಳೆಯಲಿಕ್ಕಿಲ್ಲ, ಅವರು ಎಚ್, ಸಿ ಎಂಬ ಇನಿಷಿಯಲ್ ಹಿಡಿದು ಹೋ ಸೇ ಅನಸನ್ ಅನ್ನುತ್ತಾರೆ. ಅದೇ ಸ್ಪೆಲ್ಲಿಂಗಿನ ಆಂಡರ್ಸ್ ಸ್ವೀಡನ್ನಿನಲ್ಲಿ ಅಂದೆಷ್, ನಾರ್ವೆಯಲ್ಲಿ ಅನ್ನೆಷ್, ಡೆನ್ಮಾರ್ಕಿನಲ್ಲಿ ಅನಸ್. ಹಾಗಾಗಿ ಆ ಮನುಷ್ಯ ಎಲ್ಲಿಯವರು ಎಂದು ತಿಳಿಯದೆ ಬಾಯಿ ತೆರೆಯಬೇಡಿ.

ತಿಳಿಯದಿದ್ದರೆ ಕೇಳಿಬಿಡಿ. ಸ್ವೀಡಿಷ್‌ನಲ್ಲಿ 'ಹೂರ್ ಊತಾಲಸ್ ದಿತ್ ನಮ್ನ್', ನಿಮ್ಮ ಹೆಸರು ಹೇಳುವುದು ಹೇಗೆ ಎಂದರ್ಥ. ನಾನು ಕೇಳಿದಾಗ ಯಾರೂ ಬೇಜಾರು ಮಾಡಿಕೊಂಡದ್ದಿಲ್ಲ. ಹೆಸರು ಹೇಳಿ, ಆಮೇಲೆ ನನ್ನ ಹೆಸರಿನ ಪಟ್ಟಿ ನೋಡಿ, ಅದೇ ಪ್ರಶ್ನೆಯನ್ನು ನನಗೆ ತಿರುಗಿಸುತ್ತಿದ್ದರು. ನನ್ನ ಹೆಸರಲ್ಲಿ ಒಂದು ಳ ಇದೆ. ಇಂಗ್ಲಿಷಿನಲ್ಲಿ ಅದನ್ನು ಬರೀ 'ಎಲ್' ಎಂದು ಬರೆದಿದ್ದೆ, ಎಲ್ಲರೂ ಲ ಅನ್ನುತ್ತಿದ್ದರು. ಒಂದು ದಿನ ಪಟ್ಟಿ ಬದಲಿಸಿ, 'ಎಲ್' ಹಿಂದೆ ಒಂದು 'ಆರ್' ಸೇರಿಸಿದೆ. ಮರುದಿನದಿಂದ ಇಡೀ ಕ್ಲಿನಿಕ್ ನನ್ನನ್ನು ಸರಿಯಾಗಿ ಕರೆಯತೊಡಗಿತು.