ಯುದ್ಧಕಾಲದ ತಲೆಬರಹ ಗೋಡೆಗೇರಿಸುವ ಕ್ರಮ

ಕಾಸರಗೋಡು ಕಡೆಯ ಹಳೆ ಮನೆಗಳಲ್ಲಿ ಯುದ್ಧಕಾಲದ ಪತ್ರಿಕೆ ಕಪಾಟಿನಲ್ಲಿ ಸಿಗುವುದು ಕಡಿಮೆ. ತಗಡಿನ ಟ್ರಂಕಿನ ತಳಕ್ಕೆ ಹಾಸಿದ್ದು, ಜಾಗದ ಪತ್ರಗಳಿಗೆ ಸುತ್ತಿದ್ದು, ಅಟ್ಟದಲ್ಲಿ ಒರಲೆ ತಿಂದು ಬಿಟ್ಟದ್ದು, ಹೀಗೆ ಸಿಗುತ್ತದೆ. ಅದನ್ನು ಊರ ವಾಚನಾಲಯದಲ್ಲಿ ಪ್ರದರ್ಶನಕ್ಕಿಡುವುದಾದರೆ ತಲೆಬರಹವನ್ನಷ್ಟೇ ಹಚ್ಚಿ ಬಿಡಬೇಡಿ. ನಗು ಬರುವುದು ಅದರ ಪಕ್ಕದಲ್ಲಿ ಮುಂದೇನಾಯಿತು ಎಂಬುದನ್ನೂ ಇಟ್ಟಾಗ.

ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಬಿಚ್ಚಿದ ಕಾಗದ ನೀರುಪಸೆ ಹೀರಿ ವಾರದೊಳಗೆ ಬೂಸ್ಟು ಹಿಡಿಯುತ್ತದೆ. ಪತ್ರಿಕೆಯ ಕಾಗದ ಮರದ ತಿರುಳಿನದು. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಅದನ್ನು ಹಳದಿ ಮಾಡುತ್ತದೆ, ಆಮ್ಲ ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ಆದ್ದರಿಂದ ಅಂಚು ಹಿಡಿದು ಎತ್ತಬೇಡಿ. ಅಡಿಗೆ ದಪ್ಪ ಡ್ರಾಯಿಂಗ್ ಶೀಟ್ ತೂರಿಸಿ, ಶೀಟಿನ ಸಮೇತ ಎತ್ತಿ. ಮಡಿಕೆ ಬಿಡಿಸಲು ಇಸ್ತ್ರಿಪೆಟ್ಟಿಗೆ ಬೇಡ. ಸೆಲ್ಲೋಟೇಪು ಬೇಡ, ಅದರ ಅಂಟು ಕೆಲವು ವರ್ಷಗಳಲ್ಲಿ ಕಂದು ಕಲೆಯಾಗಿ ಅಕ್ಷರಗಳನ್ನೇ ನುಂಗುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಒಮ್ಮೆ ಮಾಡಿಸಿದ ಮೇಲೆ ಬಿಡಿಸುವ ದಾರಿಯಿಲ್ಲ.

ಮೂಲ ಪ್ರತಿಯ ಬದಲು ಫೋಟೋ ತೆಗೆದು ಎ3 ಅಳತೆಯ ನಕಲನ್ನು ಪ್ರದರ್ಶಿಸಿ. ಬಿಸಿಲು ನೇರ ಬೀಳದ ಕಿಟಕಿಯ ಬಳಿ, ಫ್ಲಾಶ್ ಇಲ್ಲದೆ, ಮೊಬೈಲನ್ನು ಪುಟದ ನೇರ ಮೇಲೆ ಹಿಡಿದು ತೆಗೆಯಿರಿ. ಪುಟದಡಿಯಲ್ಲಿ ಕಪ್ಪು ಕಾಗದ ಇಟ್ಟರೆ ಹಿಂಬದಿಯ ಅಕ್ಷರ ಮುಂದೆ ಕಾಣಿಸುವುದಿಲ್ಲ. ಒಂದು ಫೋಟೋದಲ್ಲಿ ಪತ್ರಿಕೆಯ ಹೆಸರು, ತಾರೀಕು, ಬೆಲೆಯ ಸಮೇತ ಪೂರ್ತಿ ಪುಟ ಇರಲಿ. ಇಲ್ಲವಾದರೆ ಅಸಲಿಯೋ ನಕಲಿಯೋ ಎಂದು ಆಮೇಲೆ ಸಾಧಿಸುವವರು ಯಾರು?

ಆ ಅನುಮಾನ ಸಣ್ಣದಲ್ಲ. ವಾಟ್ಸಾಪಿನಲ್ಲಿ ಬರುವ ‘ಹಳೆ ಪತ್ರಿಕೆ’ಯನ್ನು ಹೀಗೆ ಪರೀಕ್ಷಿಸಿ. ಪ್ರಜಾವಾಣಿ ಶುರುವಾದದ್ದು 1948ರಲ್ಲಿ, ಉದಯವಾಣಿ 1970ರಲ್ಲಿ. ಎರಡನೆಯ ಮಹಾಯುದ್ಧದ ಸುದ್ದಿ ಇವುಗಳ ಮುಖಪುಟದಲ್ಲಿ ಇದ್ದರೆ ಪತ್ರಿಕೆಗಿಂತ ಯುದ್ಧ ತಡವಾಗಿ ನಡೆದಿರಬೇಕು. 1957ಕ್ಕೆ ಮೊದಲಿನ ಪತ್ರಿಕೆಯ ಬೆಲೆ ಆಣೆ, ಪೈಗಳಲ್ಲಿರಬೇಕು. 1971ರ ಯುದ್ಧದ ವರದಿಯಲ್ಲಿ ‘ಕಾಸರಗೋಡು ಜಿಲ್ಲೆಯ ಯೋಧ’ ಎಂದು ಕಂಡರೆ ಕೂಡಲೇ ಪಕ್ಕಕ್ಕಿಡಿ. ನಮ್ಮ ಜಿಲ್ಲೆ ಹುಟ್ಟಿದ್ದೇ 1984ರಲ್ಲಿ. 1971ರಲ್ಲಿ ನಾವು ಕಣ್ಣೂರು ಜಿಲ್ಲೆಯ ತಾಲೂಕು, 1956ಕ್ಕೆ ಮೊದಲು ದಕ್ಷಿಣ ಕನ್ನಡದವರು, ಎಂದರೆ ಮದ್ರಾಸಿನವರು.

ಮದ್ರಾಸಿನವರಾಗಿದ್ದರಿಂದಲೇ ಮೊದಲ ಫಲಕಕ್ಕೆ ಎಮ್ಡೆನ್ ಹಡಗು ಸರಿ. 1914ರ ಸೆಪ್ಟೆಂಬರ್ 22ರ ರಾತ್ರಿ ಈ ಜರ್ಮನ್ ಹಡಗು ಮದ್ರಾಸಿನ ಮೇಲೆ ನೂರಕ್ಕೂ ಹೆಚ್ಚು ಗುಂಡು ಹಾರಿಸಿ, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿ ಮಾಯವಾಯಿತು. ಜನ ಊರು ಬಿಟ್ಟು ಓಡಿದರು. ನವೆಂಬರ್ 9ರಂದು ಕೋಕೋಸ್ ದ್ವೀಪದ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ಹಡಗು ಅದರ ಕತೆ ಮುಗಿಸಿತು. ಮದ್ರಾಸಿನ ದಾಳಿಯಾದ ಮೇಲೆ ಅದು ಬದುಕಿದ್ದು 48 ದಿನ. ಮಲಯಾಳಂನಲ್ಲಿ ಯಾವುದಾದರೂ ಭಾರೀ ಗಾತ್ರದ್ದನ್ನು ಕಂಡರೆ ಇವತ್ತಿಗೂ ‘ಎಮಂಡನ್’ ಅನ್ನುತ್ತಾರೆ. ಫಲಕದ ಎಡಕ್ಕೆ ತಲೆಬರಹ, ನಡುವೆ ತಾರೀಕುಗಳು, ಬಲಕ್ಕೆ ಈ ಒಂದು ಪದ ಸಾಕು.

1942ರದ್ದಕ್ಕೆ ನಕಾಶೆ ಬೇಕು. ಸುದ್ದಿಯಲ್ಲಿ ಬಂದ ಊರುಗಳಿಗೆಲ್ಲ ಗುಂಡುಸೂಜಿ ಚುಚ್ಚುತ್ತಾ ಹೋಗಿ: ಜಪಾನಿನ ಕೈಗೆ ಬಿದ್ದದ್ದು ಸಿಂಗಾಪುರ ಫೆಬ್ರವರಿ 15, ರಂಗೂನ್ ಮಾರ್ಚ್ 8; ಜಪಾನಿನ ಬಾಂಬು ಬಿದ್ದದ್ದು ಕೊಲಂಬೊ ಏಪ್ರಿಲ್ 5, ಕಾಕಿನಾಡ ಏಪ್ರಿಲ್ 6. ತಲೆಬರಹ ಎಷ್ಟೇ ಧೈರ್ಯ ಹೇಳಲಿ, ಸೂಜಿಗಳು ಮನೆಯ ಕಡೆಗೇ ಬರುತ್ತಿದ್ದವು. ಆ ಏಪ್ರಿಲಿನಲ್ಲಿ ಮದ್ರಾಸಿನ ಸರಕಾರಿ ಕಚೇರಿಗಳು ಒಳನಾಡಿಗೆ ಗಂಟುಮೂಟೆ ಕಟ್ಟಿದವು. ಬೋನು ಮುರಿದರೆ ಗತಿಯೇನೆಂದು ಮೃಗಾಲಯದ ಕ್ರೂರಪ್ರಾಣಿಗಳನ್ನು ಗುಂಡಿಟ್ಟು ಕೊಂದರು. ಜಪಾನಿನ ಸೈನ್ಯ ಮದ್ರಾಸಿಗೆ ಬರಲೇ ಇಲ್ಲ. ಸಿಂಹಗಳ ಪಾಲಿಗೆ ಮಾತ್ರ ಬಂದಂತೆಯೇ ಆಯಿತು.

ವಿದೇಶದ ಎರಡು ಫಲಕ ಚಿಕ್ಕದಾಗಿ ಸಾಕು. 1918ರ ನವೆಂಬರ್ 7ರಂದು ಯುನೈಟೆಡ್ ಪ್ರೆಸ್ ಯುದ್ಧ ಮುಗಿಯಿತೆಂದು ಸುದ್ದಿ ಕೊಟ್ಟಿತು, ನ್ಯೂಯಾರ್ಕ್ ಬೀದಿಗಿಳಿದು ಕುಣಿಯಿತು. ಯುದ್ಧ ಮುಗಿದದ್ದು 11ರಂದು, ಮತ್ತೆ ಕುಣಿದರು. ಇನ್ನೊಂದು ಎರಡನೆಯ ಮಹಾಯುದ್ಧದ ಕಾಲದ ಬ್ರಿಟನ್ನಿನ ಕ್ಯಾರೆಟ್. ಕತ್ತಲಲ್ಲಿ ಶತ್ರುವಿಮಾನ ಹೊಡೆದುರುಳಿಸುವ ಪೈಲಟ್‌ಗಳು ಕ್ಯಾರೆಟ್ ತಿಂದವರು ಎಂದು ಬರೆಸಿದರು, ವಿಮಾನದೊಳಗಿನ ರೇಡಾರಿನ ಗುಟ್ಟು ಹೊರಬೀಳಬಾರದೆಂದು. ಆ ಮಾತನ್ನು ನಂಬಿ ಇಂದಿಗೂ ಮಕ್ಕಳ ತಟ್ಟೆಗೆ ಕ್ಯಾರೆಟ್ ಪಲ್ಯ ಬೀಳುತ್ತಿದೆ.

ಎಡವುವುದು ಹೆಚ್ಚಾಗಿ ಅನುವಾದದಲ್ಲಿ. 1917ರ ಏಪ್ರಿಲಿನಲ್ಲಿ ಜರ್ಮನ್ ಪತ್ರಿಕೆಯೊಂದರ ‘ಕಾಡಾವರ್’ ಎಂಬ ಪದವನ್ನು ಲಂಡನ್ನಿನ ಪತ್ರಿಕೆಗಳು ಮನುಷ್ಯರ ಹೆಣ ಎಂದು ತಿಳಿಸಿ, ಜರ್ಮನರು ಸತ್ತ ಸೈನಿಕರಿಂದ ಕೊಬ್ಬು ತೆಗೆಯುತ್ತಾರೆಂದು ಸಾರಿದವು. ಜರ್ಮನಿನಲ್ಲಿ ಆ ಪದ ಪ್ರಾಣಿಗಳ ಹೆಣಕ್ಕೆ. 1925ರಲ್ಲಿ ಬ್ರಿಟಿಷ್ ಸರಕಾರ ಪಾರ್ಲಿಮೆಂಟಿನಲ್ಲಿ ಆ ಕತೆಯನ್ನು ಕೈಬಿಟ್ಟಿತು. ಮುಂದಿನ ಯುದ್ಧದಲ್ಲಿ ನಾಜಿ ಶಿಬಿರಗಳ ನಿಜ ಸುದ್ದಿ ಬಂದಾಗ ಇದೂ ಅಂಥದ್ದೇ ಎಂದು ನಂಬದವರಿದ್ದರು. ಈ ಫಲಕದಲ್ಲಿ ತಮಾಷೆ ಬೇಡ.

ಎರಡು ಭಾಷೆಯ ನಮ್ಮ ಊರಿಗೆ ಇದು ಹೊಸ ಪಾಠವಲ್ಲ. ಕನ್ನಡದ ‘ಸೈನಿಕರ ಪಟ್ಟಿ’ ಮಲಯಾಳಂ ಕಿವಿಗೆ ಸೈನಿಕರ ನಾಯಿ; ಅವರ ‘ಸಂಸಾರ’ ಬರೀ ಮಾತುಕತೆ, ನಮ್ಮದು ಹೆಂಡತಿ ಮಕ್ಕಳು. ವಿವರಣೆ ಎರಡೂ ಭಾಷೆಯಲ್ಲಿ ಇರಲಿ, ಮಲಯಾಳಂ ತಿಳಿದವರಿಂದ ಒಮ್ಮೆ ಓದಿಸಿ, ಆಮೇಲೆ ಅಚ್ಚು ಹಾಕಿಸಿ. ಅಕ್ಷರ 24 ಪಾಯಿಂಟಿಗಿಂತ ಚಿಕ್ಕದಾಗಬಾರದು. ತಲೆಬರಹದಡಿ ‘ಎನ್ನಲಾಗಿದೆ’, ‘ತಿಳಿದುಬಂದಿದೆ’ ಎಂದಿರುವಲ್ಲೆಲ್ಲ ನಕಲಿನ ಮೇಲೆ ಕೆಂಪು ಗೆರೆ ಎಳೆಯಿರಿ. ಯುದ್ಧಕಾಲದ ಪುಟದಲ್ಲಿ ಕೆಂಪು ಪೆನ್ನು ಬೇಗ ಖಾಲಿಯಾಗುತ್ತದೆ.

ನಕಲನ್ನು ಮೈದಾ ಅಂಟಿನಿಂದ ಹಚ್ಚಬೇಡಿ, ಜಿರಳೆಗೆ ಊಟ ಬಡಿಸಿದಂತಾಗುತ್ತದೆ. ಪಿನ್ ಸಾಕು. ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕದೆ, ಬಿಳಿ ಕಾಗದದ ನಡುವೆ ಮಲಗಿಸಿ ಪೆಟ್ಟಿಗೆಯಲ್ಲಿಟ್ಟು, ನೆಲಕ್ಕೂ ಗೋಡೆಗೂ ತಾಗದಂತೆ ಇಡಿ. ಮಳೆ ನಿಂತ ಮೇಲೆ ಒಮ್ಮೆ ತೆರೆದು ಒರಲೆ ನೋಡಿ.