ಲ್ಯಾಪ್‌ಟಾಪ್ ಮೇಲೆ ನೀರು ಬಿತ್ತಾ? ಆನ್ ಮಾಡಿ ನೋಡಬೇಡಿ, ಅಕ್ಕಿ ಡಬ್ಬ ಮುಟ್ಟಬೇಡಿ

ಕಳೆದ ಮಳೆಗಾಲದಲ್ಲಿ ಚಿಕ್ಕಮ್ಮನ ಮಗಳು ಸಾಗರದಿಂದ ತನ್ನ ಲ್ಯಾಪ್‌ಟಾಪ್ ಹೊತ್ತುಕೊಂಡು ಬಂದಳು. ಅವಳು ಹೈಸ್ಕೂಲ್ ಟೀಚರ್. ಮಕ್ಕಳ ಅಂಕಗಳು, ಪಾಠದ ಸ್ಲೈಡುಗಳು, ಮೂರು ವರ್ಷದ ಪ್ರಶ್ನೆಪತ್ರಿಕೆಗಳು ಎಲ್ಲ ಅದರಲ್ಲೇ ಇದ್ದವು. ಕೀಬೋರ್ಡ್ ಮೇಲೆ ಒಂದು ಲೋಟ ಕಷಾಯ ಚೆಲ್ಲಿತ್ತು. ಹಾಲು, ಬೆಲ್ಲ ಹಾಕಿದ ಕಷಾಯ. ಒರೆಸಿ, ಅಕ್ಕಿ ಡಬ್ಬದಲ್ಲಿ ಹುಗಿದಿಟ್ಟಿದ್ದಳು. "ದಿನಾ ಒಂದ್ಸಲ ತೆಗೆದು ಆನ್ ಮಾಡಿ ನೋಡ್ತಿದ್ದೆ ಅಣ್ಣಾ. ಮೊದಲ ದಿನ ಆಯ್ತು. ಎರಡನೇ ದಿನ ಆಗಿ ಆಫ್ ಆಯ್ತು. ಮೂರನೇ ದಿನ ಲೈಟೂ ಬರಲಿಲ್ಲ" ಎಂದಳು.

ಅಡಿಯ ಮುಚ್ಚಳ ಬಿಚ್ಚಿದೆ. ಬ್ಯಾಟರಿ ಕನೆಕ್ಟರ್ ಸುತ್ತ ಹಸಿರು ಹುಡಿ ಕಟ್ಟಿತ್ತು, ತೊಳೆಯದೆ ಬಿಟ್ಟ ತಾಮ್ರದ ಚೊಂಬಿಗೆ ಕಿಲುಬು ಹಿಡಿದ ಹಾಗೆ. ಫ್ಯಾನಿನ ಎಲೆಗಳಿಗೆ ಬೆಲ್ಲದ ಅಂಟು, ಆ ಅಂಟಿನ ಮೇಲೆ ಅಕ್ಕಿಯ ಬಿಳಿ ಹುಡಿ.

ಅವಳು ಮಾಡಿದ್ದನ್ನೇ ಎಷ್ಟೋ ಜನ ಮಾಡಿದ್ದು ನೋಡಿದ್ದೇನೆ. ನನ್ನ ಕೈಗೆ ಬಂದವುಗಳಲ್ಲಿ, ನೀರು ಬಿದ್ದ ಮೇಲೆ "ಆನ್ ಆಗುತ್ತಾ ನೋಡೋಣ" ಎಂದು ಗುಂಡಿ ಒತ್ತಿ ಕೆಡಿಸಿಕೊಂಡವೇ ಜಾಸ್ತಿ. ನಿಮ್ಮದು ಹಾಗೆ ಆಗಬಾರದು ಎಂದೇ ಬರೆಯುತ್ತಿದ್ದೇನೆ.

ಹೆಜ್ಜೆ 1: ಕರೆಂಟು ಕಡಿಯಿರಿ

ಚಾರ್ಜರ್ ಹಾಕಿದ್ದರೆ ಮೊದಲು ಗೋಡೆಯ ಸ್ವಿಚ್ ಆಫ್ ಮಾಡಿ, ಆಮೇಲೆ ಪಿನ್ ಕೀಳಿ. ಅಡಾಪ್ಟರ್ ಒದ್ದೆಯಾಗಿದ್ದರೆ ಅದನ್ನು ಮುಟ್ಟುವ ಮೊದಲೇ ಸ್ವಿಚ್. ನಂತರ ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬರೆಯುತ್ತಿದ್ದ ಫೈಲ್ ಸೇವ್ ಆಗಿಲ್ಲ ಅಂತ ಕೂರಬೇಡಿ. ಶಟ್‌ಡೌನ್ ಮೆನು ಹುಡುಕಬೇಡಿ.

ಸ್ಕ್ರೀನನ್ನು ಅಗಲವಾಗಿ ತೆರೆದು, ಮನೆಯ ಮಾಡಿನ ಹಾಗೆ ಮಗುಚಿ ನಿಲ್ಲಿಸಿ. ಕೀಬೋರ್ಡ್ ಕೆಳಮುಖ ಆಗಿರಬೇಕು. ಒಣ ಬಟ್ಟೆಯಿಂದ ಒತ್ತಿ ಒತ್ತಿ ತೇವ ತೆಗೆಯಿರಿ. ಅಲ್ಲಾಡಿಸಬೇಡಿ, ನೀರು ಒಳಗೆ ಹರಡುತ್ತದೆ.

ಹೆಜ್ಜೆ 2: ಬ್ಯಾಟರಿ ಬಿಡಿಸಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಲ್ಯಾಪ್‌ಟಾಪ್ ಆಫ್ ಆದರೂ ಒಳಗಿನ ಬೋರ್ಡಿನ (ಮದರ್‌ಬೋರ್ಡ್) ಕೆಲವು ಭಾಗಗಳಲ್ಲಿ ಕರೆಂಟು ಇದ್ದೇ ಇರುತ್ತದೆ. ಗುಂಡಿ ಒತ್ತಿದ್ದು ಗೊತ್ತಾಗಬೇಕಲ್ವಾ, ಅದಕ್ಕೆ. ನಲ್ಲಿ ನೀರಿನಲ್ಲಿ ಲವಣ ಇರುತ್ತದೆ, ಕಾಫಿಯಲ್ಲಿ ಇನ್ನೂ ಏನೇನೋ ಇರುತ್ತದೆ. ಅಂಥ ನೀರಿನ ಹನಿಯೊಳಗೆ ಕರೆಂಟು ಹರಿದರೆ ತಾಮ್ರ ಕರಗಿ ಕಿಲುಬಾಗುತ್ತದೆ. ಕೂದಲಿಗಿಂತ ಸಣ್ಣ ತಾಮ್ರದ ಗೆರೆ ಕಡಿದುಹೋಗಲು ಜಾಸ್ತಿ ಹೊತ್ತು ಬೇಡ. ಅಕ್ಕಿಯೊಳಗೆ ಮೂರು ದಿನ ಇಟ್ಟಾಗ ಈ ಕೆಲಸ ಮೂರು ದಿನವೂ ನಡೆದಿರುತ್ತದೆ. ಮುಚ್ಚಳದೊಳಗಿನ ನೀರನ್ನು ಅಕ್ಕಿ ಎಳೆದುಕೊಳ್ಳುವುದೂ ಇಲ್ಲ, ಹುಡಿ ಮಾತ್ರ ಬಿಡುತ್ತದೆ. ಒದ್ದೆ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ತನ್ನ ಸೂಚನೆಗಳಲ್ಲಿ ಹೇಳಿತ್ತು.

ಬ್ಯಾಟರಿ ಹೊರಗಿನಿಂದಲೇ ತೆಗೆಯುವಂಥದ್ದಾದರೆ ಲಾಚ್ ಎಳೆದರೆ ಮುಗಿಯಿತು. ಈಗಿನವುಗಳಲ್ಲಿ ಅಡಿಯ ಮುಚ್ಚಳ ಬಿಚ್ಚಬೇಕು. ಸಣ್ಣ ನಕ್ಷತ್ರದ ಸ್ಕ್ರೂಡ್ರೈವರ್ ಸಾಕು. ಮ್ಯಾಕ್‌ಬುಕ್‌ಗೆ ಐದು ದಳದ ಬೇರೆ ಬಿಟ್ ಬೇಕು. ಕೆಲವದರಲ್ಲಿ ರಬ್ಬರ್ ಕಾಲಿನ ಕೆಳಗೂ ಸ್ಕ್ರೂ ಅಡಗಿರುತ್ತದೆ. ಮುಚ್ಚಳ ಬರದಿದ್ದರೆ ಬಲ ಹಾಕುವ ಮೊದಲು ಅಲ್ಲಿ ನೋಡಿ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಒಂದು ಕಾಗದದ ಮೇಲೆ ಮುಚ್ಚಳದ ಚಿತ್ರ ಗೀಚಿ, ತೆಗೆದ ಜಾಗದಲ್ಲೇ ಒಂದೊಂದನ್ನೂ ಚುಚ್ಚಿಡಿ. ಉದ್ದದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿ ಬೋರ್ಡ್ ತೂತು ಮಾಡಿದವರನ್ನು ಕಂಡಿದ್ದೇನೆ. ಮುಚ್ಚಳ ಎಬ್ಬಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಬಳಸಿ, ಚಾಕು ಬೇಡ.

ಒಳಗೆ ಕಪ್ಪು ಚಪ್ಪಟೆ ಬ್ಯಾಟರಿಯಿಂದ ಬೋರ್ಡಿಗೆ ಹೋಗುವ ದಪ್ಪ ವೈರುಗಳ ಕಟ್ಟು ಕಾಣುತ್ತದೆ. ಅದರ ತುದಿಯ ಕನೆಕ್ಟರನ್ನು ಬಿಡಿಸಿ. ಕೆಲವು ಮೇಲಕ್ಕೆ ಏಳುತ್ತವೆ, ಕೆಲವು ವೈರಿನ ಕಡೆಗೆ ಜಾರುತ್ತವೆ. ಯಾವ ಥರದ್ದು ಎಂದು ಟಾರ್ಚ್ ಹಾಕಿ ನೋಡಿ. ಪ್ಲಾಸ್ಟಿಕ್ ಅಥವಾ ಮರದ ಕಡ್ಡಿಯಿಂದ ಎರಡೂ ಬದಿಗೆ ಸ್ವಲ್ಪ ಸ್ವಲ್ಪ ತಳ್ಳಿ. ವೈರು ಹಿಡಿದು ಎಳೆಯಬೇಡಿ, ಲೋಹ ತಾಗಿಸಬೇಡಿ. ಬ್ಯಾಟರಿ ಊದಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಒತ್ತದೆ, ಚುಚ್ಚದೆ ರಿಪೇರಿಯವರ ಕೈಗೆ ಕೊಡಿ.

ಬಿಚ್ಚುವ ಧೈರ್ಯ ಇಲ್ಲದಿದ್ದರೆ ಅದೇ ದಿನ ಅಂಗಡಿಗೆ ಹೋಗಿ. "ನಾಳೆ ನೋಡೋಣ" ಎನ್ನುವ ಅಂಗಡಿಯವರಿಗೆ "ಬ್ಯಾಟರಿಯೊಂದನ್ನು ಈಗಲೇ ಬಿಡಿಸಿಕೊಡಿ" ಎಂದು ಕೇಳಿ. ಐದು ನಿಮಿಷದ ಕೆಲಸ. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರಿಗೆ ಫೋನ್ ಮಾಡಬಹುದು. ಆದರೆ ಮಾಮೂಲಿ ವಾರಂಟಿಯಲ್ಲಿ ನೀರಿನ ಹಾನಿ ಬರುವುದಿಲ್ಲ, ಆಕ್ಸಿಡೆಂಟಲ್ ಡ್ಯಾಮೇಜ್ ಅಂತ ಬೇರೆ ತೆಗೆದುಕೊಂಡಿರಬೇಕು. ನೀರು ತಾಗಿದ್ದನ್ನು ಮುಚ್ಚಿಡುವುದಂತೂ ಬೇಡ. ಒಳಗೆ ನೀರು ತಾಗಿದರೆ ಕೆಂಪಾಗುವ ಬಿಳಿ ಸ್ಟಿಕ್ಕರ್ ಇರಬಹುದು. ಅದಿಲ್ಲದಿದ್ದರೂ ಕಿಲುಬು ಕಣ್ಣಿಗೆ ಬೀಳುತ್ತದೆ.

ಹೆಜ್ಜೆ 3: ತೊಳೆಯಿರಿ

ಹೌದು, ತೊಳೆಯಲೇಬೇಕು. ನೀರು ಒಣಗುತ್ತದೆ, ಅದರಲ್ಲಿದ್ದ ಸಕ್ಕರೆ, ಲವಣ ಅಲ್ಲೇ ಉಳಿಯುತ್ತವೆ. ನಮ್ಮ ಮಳೆಗಾಲದ ಗಾಳಿಯ ತೇವ ಸಾಕು, ಅವು ಮತ್ತೆ ಒದ್ದೆಯಾಗಿ ತಾಮ್ರ ತಿನ್ನಲು. "ಒಣಗಿದ ಮೇಲೆ ಚೆನ್ನಾಗಿತ್ತು, ಎರಡು ತಿಂಗಳಾದ ಮೇಲೆ ಸತ್ತಿತು" ಎನ್ನುವ ಕಥೆಗಳ ಮೂಲ ಇದೇ.

ಬರೀ ನೀರು ಬಿದ್ದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಸಾಕು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಐಪಿಎ ಎಂದು ಕೇಳಿ. 99 ಪರ್ಸೆಂಟಿನದೇ ಬೇಕು. 70ರದ್ದರಲ್ಲಿ ಉಳಿದದ್ದು ನೀರು. ಹಳೇ ಹ್ಯಾಂಡ್ ಸ್ಯಾನಿಟೈಸರ್ ಸುರಿಯಬೇಡಿ. ಅದರಲ್ಲಿ ಕೈ ಒಣಗದಿರಲಿ ಎಂದು ಗ್ಲಿಸರಿನ್ ಹಾಕಿರುತ್ತಾರೆ, ಬೋರ್ಡಿನ ಮೇಲೆ ಅದು ಅಂಟಾಗಿ ಉಳಿಯುತ್ತದೆ. ಪೇಂಟಿಗೆ ಹಾಕುವ ಥಿನ್ನರ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಕಾಫಿ, ಟೀ, ಜ್ಯೂಸ್ ಬಿದ್ದಿದ್ದರೆ ಒಂದು ಹೆಜ್ಜೆ ಜಾಸ್ತಿ. ಸಕ್ಕರೆ ಆಲ್ಕೋಹಾಲ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಅದಕ್ಕೆ ಮೊದಲು ಡಿಸ್ಟಿಲ್ಡ್ ವಾಟರ್. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೇವಲ್ಲ, ಅದೇ. ಆ್ಯಸಿಡ್ ಇರುವ ಕ್ಯಾನ್ ತಂದುಬಿಡಬೇಡಿ, ಲೇಬಲ್ ಓದಿ. ಮೆತ್ತನೆಯ ಹೊಸ ಟೂತ್‌ಬ್ರಶ್ ಅದ್ದಿ, ಅಂಟು ಇರುವ ಕಡೆ ತಿಕ್ಕಿ, ಒರೆಸಿ. ಆಮೇಲೆ ಐಪಿಎಯಿಂದ ಅದೇ ಜಾಗ. ಬ್ಯಾಟರಿ ಕನೆಕ್ಟರ್, ಕೀಬೋರ್ಡಿನ ರಿಬ್ಬನ್ (ಚಪ್ಪಟೆ ವೈರು) ಕೂರುವ ಜಾಗ, ಚಾರ್ಜಿಂಗ್ ಪಿನ್ನಿನ ಹಿಂಭಾಗ, ಈ ಮೂರನ್ನು ಬಿಡಬೇಡಿ. ಬ್ರಶ್ಶಿಗೆ ಹಸಿರು ಬಣ್ಣ ಬರುವುದು ನಿಲ್ಲುವವರೆಗೆ ತಿಕ್ಕಿ. ಐಪಿಎ ಬೇಗ ಹೊತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ, ಒಲೆಯ ಹತ್ತಿರ ಬೇಡ, ದೇವರ ದೀಪದ ಹತ್ತಿರವೂ ಬೇಡ.

ಚಿಪ್‌ಗಳ ಅಡಿಗೆ, ತಗಡಿನ ಮುಚ್ಚಳಗಳ ಅಡಿಗೆ ಬ್ರಶ್ ಹೋಗುವುದಿಲ್ಲ. ಅಲ್ಲಿಗೂ ಅಂಟು ಇಳಿದಿದ್ದರೆ ಶಬ್ದದ ಅಲೆಗಳಿಂದ ತೊಳೆಯುವ ಅಲ್ಟ್ರಾಸೋನಿಕ್ ತೊಟ್ಟಿ ಇರುವ ರಿಪೇರಿ ಅಂಗಡಿಯೇ ಗತಿ.

ಹೆಜ್ಜೆ 4: ಒಣಗಿಸಿ

ಫ್ಯಾನಿನ ಕೆಳಗೆ ಎರಡು ದಿನ. ಕರಾವಳಿ, ಮಲೆನಾಡಿನ ಜುಲೈಯಲ್ಲಾದರೆ ನಾಲ್ಕು ದಿನ. ಹೇರ್ ಡ್ರೈಯರ್ ಬೇಡ, ನೀರನ್ನು ಚಿಪ್‌ಗಳ ಅಡಿಗೆ ತಳ್ಳುತ್ತದೆ, ಕೀಗಳೂ ಸೊಟ್ಟಗಾಗುತ್ತವೆ.

ಹೆಜ್ಜೆ 5: ಮೊದಲು ಡೇಟಾ, ಆಮೇಲೆ ಯಂತ್ರ

ಆನ್ ಮಾಡುವ ಮುನ್ನ, ನಿಮ್ಮ ಫೈಲುಗಳೆಲ್ಲ ಇರುವ ಎಸ್‌ಎಸ್‌ಡಿ ಬಿಚ್ಚಿ ತೆಗೆಯಿರಿ. ಚ್ಯೂಯಿಂಗ್ ಗಮ್ಮಿನ ಪಟ್ಟಿಯಷ್ಟಿರುತ್ತದೆ, ಒಂದೇ ಸ್ಕ್ರೂ. ಬೋರ್ಡ್ ಶಾರ್ಟ್ ಆದರೆ ಅದಾದರೂ ಉಳಿಯಲಿ. ಬ್ಯಾಟರಿ ಕನೆಕ್ಟರ್ ಮತ್ತೆ ಹಾಕಿ ಗುಂಡಿ ಒತ್ತಿದರೆ, ಎಸ್‌ಎಸ್‌ಡಿ ಇಲ್ಲದೆಯೂ ಲ್ಯಾಪ್‌ಟಾಪ್ ಆನ್ ಆಗಿ ಬಯೋಸ್ ಪರದೆ (ವಿಂಡೋಸ್‌ಗಿಂತ ಮೊದಲು ಬರುವ ಸೆಟ್ಟಿಂಗ್ ಪರದೆ) ತೋರಿಸುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಸುಟ್ಟ ವಾಸನೆ ಬಂದರೆ, ಎಲ್ಲಾದರೂ ಒಂದೇ ಜಾಗ ಕೈಗೆ ಸುಡುವಷ್ಟು ಬಿಸಿಯಾದರೆ ತಕ್ಷಣ ಆಫ್ ಮಾಡಿ.

ಆ ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆಯಬಹುದು. ಎಸ್‌ಎಸ್‌ಡಿಯಲ್ಲಿ ಎರಡು ಥರ, ಕೇಸ್ ಕೊಳ್ಳುವಾಗ ನಿಮ್ಮದು ಎನ್‌ವಿಎಂಇಯೋ ಸಾಟಾವೋ ನೋಡಿ, ಆಕಾರ ಒಂದೇ ಇದ್ದರೂ ಒಳಗಿನದು ಬೇರೆ. ಎಸ್‌ಎಸ್‌ಡಿಯನ್ನೇ ಅಂಗಡಿಗೆ ಒಯ್ದು ತೋರಿಸುವುದು ಒಳ್ಳೆಯದು. ವಿಂಡೋಸ್ 11 ಇದ್ದರೆ ಡೇಟಾಕ್ಕೆ ಬಿಟ್‌ಲಾಕರ್ ಎಂಬ ಬೀಗ ನಿಮಗೆ ಗೊತ್ತಿಲ್ಲದೆಯೇ ಬಿದ್ದಿರಬಹುದು. ಆಗ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಗಾಬರಿ ಬೇಡ. ಮೊಬೈಲಿನಲ್ಲಿ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ನೋಡಿ, ಸಾಮಾನ್ಯವಾಗಿ ಅಲ್ಲಿ ಸಿಗುತ್ತದೆ. ತಂಗಿಯದೂ ಅಲ್ಲೇ ಸಿಕ್ಕಿತು. ಪ್ರಶ್ನೆಪತ್ರಿಕೆಗಳ ಫೋಲ್ಡರ್ ತೆರೆದುಕೊಂಡಾಗ ಅವಳು ಕಣ್ಣೊರೆಸಿಕೊಂಡಳು.

ಮ್ಯಾಕ್‌ಬುಕ್ ಏರ್‌ನಂಥವುಗಳಲ್ಲಿ, ತೀರಾ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಸ್ಟೋರೇಜ್ ಬೋರ್ಡಿಗೇ ಬೆಸೆದಿರುತ್ತದೆ. ಅಲ್ಲಿ ಬೋರ್ಡ್ ಬದುಕಿದರೆ ಮಾತ್ರ ಡೇಟಾ.

ಬೋರ್ಡ್ ಹೋಯಿತು. ಈಗ?

ಬೋರ್ಡ್ ರಿಪೇರಿಗೆ ಹೇಳಿದ ದುಡ್ಡು ಅಂಥದ್ದೇ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪಿನ ಅರ್ಧ ಬೆಲೆ ದಾಟಿದರೆ ಬಿಟ್ಟುಬಿಡಿ. ಕಂಪ್ಯೂಟರ್ ಮನೆಯ ಒಂದೇ ಮೇಜಿನ ಮೇಲೆ ಇರುವುದಾದರೆ ಮತ್ತೆ ಲ್ಯಾಪ್‌ಟಾಪ್ ಯಾಕೆ? ಮಿನಿ ಪಿಸಿ ತೆಗೆದುಕೊಳ್ಳಿ, ಅಂದರೆ ಮಾನಿಟರು, ಕೀಬೋರ್ಡುಗಳನ್ನು ಬೇರೆಯಾಗಿ ಜೋಡಿಸುವ ಪುಟ್ಟ ಡಬ್ಬದಂಥ ಕಂಪ್ಯೂಟರ್.

ನನ್ನ ಮೊದಲ ಆಯ್ಕೆ, ಕಂಪನಿಗಳಲ್ಲಿ ಬಳಸಿ ಹೊರಬಂದ ಒಂದು ಲೀಟರ್ ಗಾತ್ರದ ಡಬ್ಬಗಳು. ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೋ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಹುಡುಕಿ. ಅಂಗಡಿಯವರು "ಐ5 ಇದೆ ಸಾರ್" ಎನ್ನುತ್ತಾರೆ. ಆ ಪ್ರೊಸೆಸರ್ ಎಷ್ಟನೇ ಜನರೇಶನ್ ಎಂದು ಕೇಳಿ. ಅದರ ನಂಬರ್ 7500ಟಿ ಎಂದರೆ ಏಳನೆಯದು, 8500ಟಿ ಎಂದರೆ ಎಂಟನೆಯದು. ವಿಂಡೋಸ್ 10ಕ್ಕೆ ಮಾಮೂಲಿ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್‌ನಿಂದ ಮೇಲೆ ಇರಬೇಕು. ಏಳನೆಯದನ್ನು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಇವುಗಳಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಬೇರೆಯೇ ಇದೆ. ಇವು ಲ್ಯಾಪ್‌ಟಾಪಿನ ರ‍್ಯಾಮನ್ನೇ ಬಳಸುತ್ತವೆ. ಸತ್ತ ಲ್ಯಾಪ್‌ಟಾಪಿನಿಂದ ಡಿಡಿಆರ್4 ರ‍್ಯಾಮ್ ಕಡ್ಡಿ, ಎಸ್‌ಎಸ್‌ಡಿ ಎರಡನ್ನೂ ಎಂಟನೇ ಜನರೇಶನ್ ಡಬ್ಬಕ್ಕೆ ಹಾಕಿಕೊಳ್ಳಬಹುದು. ಅದರ ಮುಂದಿನ ಪೀಳಿಗೆಯ ಡಿಡಿಆರ್5 ಮಾತ್ರ ಕೂರುವುದಿಲ್ಲ. ತಂಗಿಯ 8 ಜಿಬಿ ಕಡ್ಡಿಯ ಚಿನ್ನದ ಬಣ್ಣದ ಅಂಚು ಸ್ವಚ್ಛವಾಗಿತ್ತು. ಒಮ್ಮೆ ಐಪಿಎಯಲ್ಲಿ ಒರೆಸಿ ಹಾಕಿದೆ, ಈಗಲೂ ಓಡುತ್ತಿದೆ.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಆನ್ ಮಾಡಿಸಿ. ಬಯೋಸ್‌ಗೆ ಹಳೇ ಕಂಪನಿಯ ಪಾಸ್‌ವರ್ಡ್ ಇದ್ದರೆ ಬೇಡ. ವೈಫೈ ಕಾರ್ಡ್ ಇದೆಯಾ ನೋಡಿ, ಆಫೀಸಿನವುಗಳಲ್ಲಿ ಎಷ್ಟೋ ಸಲ ಇರುವುದಿಲ್ಲ. ಕೆಲವದರಲ್ಲಿ ಡಿಸ್‌ಪ್ಲೇಪೋರ್ಟ್ ಮಾತ್ರ ಇರುತ್ತದೆ, ಮನೆಯ ಟಿವಿಗೆ ಹಾಕಲು ಎಚ್‌ಡಿಎಂಐ ಕನ್ವರ್ಟರ್ ಬೇಕಾಗುತ್ತದೆ. ಅಡಾಪ್ಟರ್ ಅದೇ ಕಂಪನಿಯದ್ದಾಗಿರಲಿ.

ಹೊಸದೇ ಬೇಕೆನ್ನುವವರಿಗೆ ಇಂಟೆಲ್ ಎನ್100 ಪ್ರೊಸೆಸರ್ ಇರುವ ಡಬ್ಬ ಸಾಕು. ಬ್ರೌಸರ್, ಟೈಪಿಂಗ್, ಯೂಟ್ಯೂಬ್‌ಗೆ ಚೆನ್ನಾಗಿದೆ, ಕರೆಂಟು ಬಹಳ ಕಡಿಮೆ ತಿನ್ನುತ್ತದೆ. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ (ನಿಧಾನದ ಅಗ್ಗದ ಸ್ಟೋರೇಜ್) ಎಂದು ಬರೆದದ್ದನ್ನು ಮಾತ್ರ ಮುಟ್ಟಬೇಡಿ. ಮೊದಲ ದಿನವೇ ತೆವಳುತ್ತದೆ. ವಿಡಿಯೊ ಎಡಿಟಿಂಗ್ ಮಾಡುವವರು ಮ್ಯಾಕ್ ಮಿನಿ ನೋಡಬಹುದು. ಎಂ4 ಚಿಪ್ಪಿನದು 2024ರ ಕೊನೆಯಲ್ಲಿ 16 ಜಿಬಿ ರ‍್ಯಾಮಿನೊಂದಿಗೆ 59,900 ರೂಪಾಯಿಗೆ ಬಂದಿತ್ತು. ಆಮೇಲೆ ರ‍್ಯಾಮ್ ಹೆಚ್ಚಿಸಲು ಆಗುವುದಿಲ್ಲ. ಲಿನಕ್ಸ್ ಓಡಿಸುವ ಪುಟ್ಟ ಬೋರ್ಡ್ ಕಂಪ್ಯೂಟರ್ ರಾಸ್ಪ್‌ಬೆರಿ ಪೈ, ಕಲಿಯುವ ಮಕ್ಕಳಿಗೆ ತುಂಬಾ ಒಳ್ಳೆಯದು. ಆದರೆ ನುಡಿ ತಂತ್ರಾಂಶದಲ್ಲೇ ಕೆಲಸ ಮಾಡುವ ಡಿಟಿಪಿಯವರಿಗೆ, ಶಾಲೆಯವರಿಗೆ ನಾನು ಹೇಳುವುದು ವಿಂಡೋಸ್. ಲಿನಕ್ಸ್‌ನಲ್ಲಿ ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿದರೆ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಸಿಗುತ್ತದೆ, ಆದರೆ ನುಡಿಯ ಹಳೇ ಫಾಂಟಿನ ಕಡತಗಳನ್ನು ತೆರೆಯುವಾಗ ತೊಂದರೆ ಆಗುತ್ತದೆ.

ಮಿನಿ ಪಿಸಿಗೆ ಬ್ಯಾಟರಿ ಇಲ್ಲ, ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಆನ್‌ಲೈನ್ ಮೀಟಿಂಗ್ ಇರುವವರು ವೆಬ್‌ಕ್ಯಾಮಿನ ದುಡ್ಡೂ ಲೆಕ್ಕ ಹಾಕಿಕೊಳ್ಳಿ. ಕರೆಂಟು ಹೋಗಿ ಬರುವ ಊರಾದರೆ 600 ವಿಎ ಯುಪಿಎಸ್ ಬೇಕೇ ಬೇಕು. ಮನೆಯ ಇನ್ವರ್ಟರನ್ನು ಯುಪಿಎಸ್ ಮೋಡಿನಲ್ಲಿ ಇಟ್ಟರೂ ಆದೀತು. ಮಾಮೂಲಿ ಮೋಡಿನಲ್ಲಿ ಅದು ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಡಬ್ಬವನ್ನು ಮೇಜಿನ ಮೇಲೆ ಇಡಬೇಡಿ. ಬಹಳಷ್ಟು ಮಾನಿಟರುಗಳ ಬೆನ್ನಿಗೆ 100 ಮಿಲಿಮೀಟರ್ ಅಂತರದ ನಾಲ್ಕು ಸ್ಕ್ರೂ ತೂತು ಇರುತ್ತವೆ. ಅದಕ್ಕೆ ಬ್ರಾಕೆಟ್ ಹಾಕಿ ಡಬ್ಬವನ್ನು ಅಲ್ಲಿಗೇ ಬಿಗಿಯಿರಿ. ತಂಗಿಯದನ್ನೂ ಹಾಗೇ ಕಟ್ಟಿಕೊಟ್ಟಿದ್ದೇನೆ. ಕಷಾಯದ ಲೋಟ ಅವಳ ಮೇಜಿನ ಮೇಲೆ ಈಗಲೂ ಇರುತ್ತದೆ. ಇನ್ನೊಮ್ಮೆ ಚೆಲ್ಲಿದರೆ ಅದು ಬೀಳುವುದು ಐನೂರು ರೂಪಾಯಿಯ ಕೀಬೋರ್ಡಿನ ಮೇಲೆ.